ಹೂವು ಕೊಟ್ಟರು, ದಾರ ಕೊಡಲಿಲ್ಲ: ಮಾಟುಂಗದ ಒಂದು ಟ್ರಸ್ಟ್ ತನ್ನ ದಾನಿಗಳ ಲೆಕ್ಕ ಬಿಡಿಸಿಕೊಂಡ ಪ್ರಕರಣ

2024ರ ಏಪ್ರಿಲ್ ಎರಡನೇ ವಾರ ನಮ್ಮ ಟ್ರಸ್ಟಿನ ಈಮೇಲಿಗೆ, ನಾವು ಬಿಡಲು ಹೊರಟಿದ್ದ ಸಾಫ್ಟ್‌ವೇರ್ ಕಂಪನಿಯಿಂದ ಮೂರು ಫೈಲುಗಳು ಬಂದವು. ಒಂದರಲ್ಲಿ ದಾನಿಗಳ ಹೆಸರು, ವಿಳಾಸ, ಫೋನು. ಇನ್ನೊಂದರಲ್ಲಿ ಬಂದ ಹಣದ ವಿವರ. ಮೂರನೆಯದರಲ್ಲಿ ರಸೀದಿಗಳ ಪಟ್ಟಿ. ಕೆಳಗೆ ಒಂದು ಸಾಲು: ನಿಮ್ಮ ಪೂರ್ತಿ ಡೇಟಾ ಇದರಲ್ಲಿದೆ. ಪೂರ್ತಿ ಇತ್ತು, ಸುಳ್ಳಲ್ಲ. ಆದರೆ ಯಾವ ಹಣ ಯಾರದು, ಯಾವ ರಸೀದಿ ಯಾವ ಹಣಕ್ಕೆ ಅಂತ ಹೇಳುವ ಒಂದು ನಂಬರು ಆ ಮೂರರಲ್ಲಿ ಎಲ್ಲೂ ಇರಲಿಲ್ಲ. ನಮ್ಮ ಖಜಾಂಚಿಯವರು ಮಾಟುಂಗ ಸ್ಟೇಷನ್ ಹತ್ತಿರದ ಹೂವಿನ ಅಂಗಡಿಗಳಲ್ಲಿ ದಿನಾ ಮಾಲೆ ಕೊಳ್ಳುವವರು. ಸ್ಕ್ರೀನು ನೋಡಿ, ಕನ್ನಡಕ ತೆಗೆದು, "ಹೂವು ಕೊಟ್ಟಿದ್ದಾರೆ, ದಾರ ಕೊಟ್ಟಿಲ್ಲ" ಅಂದರು.

ಮೇ 31ಕ್ಕೆ ಆದಾಯ ತೆರಿಗೆ ಇಲಾಖೆಗೆ ದಾನಿಗಳ ಪಟ್ಟಿ ಹೋಗಬೇಕಿತ್ತು. ನಮ್ಮ ಕೈಯಲ್ಲಿ ಇದ್ದದ್ದು ಏಳು ವಾರ.

ಮೊದಲು ನಾವು ಯಾರು ಅಂತ ಹೇಳಿಬಿಡುತ್ತೇನೆ. ಮುಂಬಯಿಯಲ್ಲಿ ಕನ್ನಡಿಗರ ಸಂಘ, ಟ್ರಸ್ಟುಗಳಿಗೆ ಬರವಿಲ್ಲ. ಮೈಸೂರು ಅಸೋಸಿಯೇಷನ್ 1926ರಿಂದ ಇದೇ ಮಾಟುಂಗದಲ್ಲಿದೆ. ಹೋಟೆಲಿನಲ್ಲಿ ದುಡಿಯುವ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳು ನಡೆದ ಊರು ಇದು. ನಮ್ಮದು ಅಂಥ ದೊಡ್ಡ ಹೆಸರಿನ ಸಂಸ್ಥೆ ಅಲ್ಲ. ಒಂದು ಕೋಣೆ, ಎರಡು ಕಪಾಟು, ವಾರಕ್ಕೆ ಮೂರು ದಿನ ಬರುವ ಒಬ್ಬ ಹುಡುಗಿ. ಕೆಲಸ ಒಂದೇ: ಓದುವ ಮಕ್ಕಳಿಗೆ ಫೀಸು ಕಟ್ಟುವುದು. ದಾನಿಗಳು ಸುಮಾರು ಎರಡು ಸಾವಿರ ಜನ. ಹೋಟೆಲಿನವರು, ನಿವೃತ್ತ ಬ್ಯಾಂಕ್ ನೌಕರರು, ಡೊಂಬಿವಲಿ ಮತ್ತು ಮೀರಾ ರೋಡಿನ ಸಂಸಾರಗಳು. ಹೆಚ್ಚಿನವರು ಕೊಡುವುದು 501, 1,001. ತಿಂಗಳಿಗೆ ಇಷ್ಟು ಅಂತ ತಾನಾಗೇ ಕಟ್ ಆಗುವಂತೆ ಮಾಡಿಕೊಂಡವರು ಅರವತ್ತು ಜನ. ಈ ಅರವತ್ತು ಜನರ ವಿಷಯ ನೆನಪಿಡಿ, ಆಮೇಲೆ ಬರುತ್ತದೆ.

2021ರಲ್ಲಿ ನಾವು ಒಂದು ಫಂಡ್‌ರೈಸಿಂಗ್ ಸಾಫ್ಟ್‌ವೇರ್ ಕೊಂಡೆವು. ಹೆಸರು ಬೇಡ. ಡೆಮೋ ಕೊಟ್ಟ ಹುಡುಗ ಹತ್ತು ನಿಮಿಷದಲ್ಲಿ ಆರು ಸಲ "ಓಪನ್" ಅಂದಿದ್ದ. ಓಪನ್ ಎಪಿಐ (ಬೇರೆ ಪ್ರೋಗ್ರಾಂ ಬಂದು ಡೇಟಾ ಓದಲು, ಬರೆಯಲು ಇರುವ ಬಾಗಿಲು), ಓಪನ್ ಪ್ಲಾಟ್‌ಫಾರ್ಮ್, ಲೆಕ್ಕಪತ್ರದ ಟ್ಯಾಲಿಗೂ ಸೇರಿಸಬಹುದು, ವಾಟ್ಸಾಪಿಗೂ ಸೇರಿಸಬಹುದು. ನಾವು ತಲೆ ಆಡಿಸಿದೆವು. ಓಪನ್ ಅಂದರೆ ಯಾವುದು ಓಪನ್, ಯಾರಿಗೆ ಓಪನ್ ಅಂತ ಯಾರೂ ಕೇಳಲಿಲ್ಲ. ತಪ್ಪು ನಮ್ಮದೇ. ಎಪಿಐ ಇತ್ತು, ಆದರೆ ನಮ್ಮ ಪ್ಲಾನಿನಲ್ಲಿ ಇರಲಿಲ್ಲ, ಅದಕ್ಕೆ ಮೇಲಿನ ಪ್ಲಾನ್ ಬೇಕಿತ್ತು. ಆ ಪ್ಲಾನಿನಲ್ಲೂ ಓದಲು ಮಾತ್ರ ಬರುತ್ತಿತ್ತು, ಹೊರಗಿನಿಂದ ಬರೆಯಲು ಆಗುತ್ತಿರಲಿಲ್ಲ. ಹೀಗಾಗಿ ಒಂದು ದಾನ ಬಂದರೆ ಆ ಹುಡುಗಿ ಅದನ್ನು ಮೂರು ಸಲ ಬರೆಯುತ್ತಿದ್ದಳು: ಸಾಫ್ಟ್‌ವೇರಿನಲ್ಲಿ ಒಮ್ಮೆ, ಟ್ಯಾಲಿಯಲ್ಲಿ ಒಮ್ಮೆ, ಖಜಾಂಚಿಯವರಿಗೆ ಬೇಕು ಅಂತ ರಿಜಿಸ್ಟರಿನಲ್ಲಿ ಒಮ್ಮೆ. ಆ ರಿಜಿಸ್ಟರ್ ನೋಡಿ ನಾವೆಲ್ಲ ನಗುತ್ತಿದ್ದೆವು.

2024ರಲ್ಲಿ ರಿನ್ಯೂವಲ್ ಬಿಲ್ಲು ಬಂತು. ಹಿಂದಿನ ವರ್ಷದ ಎರಡರಷ್ಟಕ್ಕಿಂತ ಜಾಸ್ತಿ. ಬಿಡೋಣ ಅಂತ ತೀರ್ಮಾನ ಆಯಿತು, ನಮ್ಮ ಡೇಟಾ ಕೊಡಿ ಅಂತ ಬರೆದೆವು. ಬಂದದ್ದು ಆ ಮೂರು ಫೈಲು.

ಈಗ ಆ ಫೈಲುಗಳ ಒಳಗೆ ಹೋಗೋಣ, ಏಕೆಂದರೆ ಇಡೀ ಪ್ರಕರಣದ ಜೀವ ಅಲ್ಲೇ ಇದೆ. ಯಾವುದೇ ದಾನಕ್ಕೆ ಮೂರು ಗುರುತು ಇರುತ್ತವೆ. ದಾನಿಯ ನಂಬರು. ಹಣದ ನಂಬರು, ಅಂದರೆ ಪ್ರತಿ ವಹಿವಾಟಿಗೆ ಬ್ಯಾಂಕ್ ಕೊಡುವ ಯುಟಿಆರ್ ಅಥವಾ ಆನ್‌ಲೈನ್ ಹಣ ಪಡೆದು ದಾಟಿಸುವ ಗೇಟ್‌ವೇ ಕೊಡುವ ಪೇಮೆಂಟ್ ಐಡಿ. ರಸೀದಿಯ ನಂಬರು. ಸಾಫ್ಟ್‌ವೇರಿನ ಒಳಗೆ ಈ ಮೂರನ್ನೂ ಹಿಡಿದಿಡುವ ಒಂದು ಐಡಿ ಇದ್ದೇ ಇರುತ್ತದೆ, ಇಲ್ಲದಿದ್ದರೆ ಅದು ಕೆಲಸವನ್ನೇ ಮಾಡಲಾರದು. ಎಕ್ಸ್‌ಪೋರ್ಟಿನಲ್ಲಿ, ಅಂದರೆ ನಮಗೆ ಕಳಿಸಿದ ಫೈಲುಗಳಲ್ಲಿ, ಆ ಐಡಿಯನ್ನು ತೆಗೆದಿದ್ದರು. ಕೇಳಿದರೆ, ಅದು ನಮ್ಮ ಒಳಗಿನ ವ್ಯವಸ್ಥೆಗೆ ಸೇರಿದ್ದು, ನಿಮ್ಮ ಡೇಟಾ ಅಲ್ಲ ಅಂದರು. ಒಪ್ಪಂದದ ಮಾತಿನಲ್ಲಿ ಅವರು ಸರಿಯೇ ಇರಬಹುದು. ಆದರೆ ಒಬ್ಬ ದಾನಿ ಮೂರು ವರ್ಷದಿಂದ ಪ್ರತಿ ಜೂನ್‌ನಲ್ಲಿ ಕೊಡುತ್ತಾರೆ ಅನ್ನುವುದು ಆ ಐಡಿಯಲ್ಲೇ ಇರುವುದು. ಅದು ಹೋದರೆ ಉಳಿಯುವುದು ಟೆಲಿಫೋನ್ ಡೈರೆಕ್ಟರಿ ಅಷ್ಟೇ, ಅಲ್ವಾ?

ಇದರ ಮೇಲೆ ಎಕ್ಸೆಲ್ ತನ್ನ ಪಾಲಿನ ಕೈಚಳಕ ತೋರಿಸಿತ್ತು. ಯಾರೋ ಅಲ್ಲಿ ಸಿಎಸ್‌ವಿ, ಅಂದರೆ ಅಲ್ಪವಿರಾಮ ಹಾಕಿ ಬೇರೆ ಮಾಡಿದ ಸಾದಾ ಅಕ್ಷರಗಳ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು, ಸೇವ್ ಮಾಡಿ ಕಳಿಸಿದ್ದರು. ಯುಪಿಐ ವಹಿವಾಟಿನ ನಂಬರು 12 ಅಂಕಿಯದು. ಅಷ್ಟು ಉದ್ದದ ಸಂಖ್ಯೆಯನ್ನು ಎಕ್ಸೆಲ್ 4.06ಇ+11 ಅಂತ ಚಿಕ್ಕದು ಮಾಡಿ ತೋರಿಸುತ್ತದೆ, ಸಿಎಸ್‌ವಿಯಾಗಿ ಉಳಿಸಿದರೆ ತೋರಿಸಿದ್ದನ್ನೇ ಉಳಿಸುತ್ತದೆ. ಉಳಿದ ಅಂಕಿಗಳು ಗೋವಿಂದ. ತಾರೀಕಿನ ಕಾಲಂನಲ್ಲಿ ಇದ್ದದ್ದು ದಾನ ಬಂದ ದಿನ ಅಲ್ಲ, ಸಾಫ್ಟ್‌ವೇರಿನಲ್ಲಿ ನಮೂದಿಸಿದ ದಿನ. ವಾರಕ್ಕೆ ಮೂರು ದಿನ ಬರುವವಳು ಒಂದೇ ದಿನ ಮೂವತ್ತು ನಮೂದು ಮಾಡಿರುತ್ತಾಳೆ.

ಇಲ್ಲಿ ಸಹಾಯಕ್ಕೆ ಬಂದವನು ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಒಬ್ಬ ಹುಡುಗ, ನಾವು ಹಿಂದೆ ಫೀಸು ಕಟ್ಟಿದ್ದ ಹುಡುಗನೇ. ಅವನಿಗೆ ಒಂದು ವಿಷಯ ಗೊತ್ತಿತ್ತು. ಯುಪಿಐ ನಂಬರಿನ ಮೊದಲ ಅಂಕಿ ಸಾಮಾನ್ಯವಾಗಿ ವರ್ಷದ ಕೊನೆಯ ಅಂಕಿ, ಮುಂದಿನ ಮೂರು ಆ ವರ್ಷದ ಎಷ್ಟನೇ ದಿನ ಅನ್ನುವುದು. 4061 ಅಂತ ಶುರುವಾದರೆ 2024ರ 61ನೇ ದಿನ, ಅಂದರೆ ಮಾರ್ಚ್ 1. ಹಾಗಾಗಿ ಹಾಳಾದ 4.06 ಕೂಡ ಪೂರ್ತಿ ಮೂಕವಲ್ಲ. ಅದು ಫೆಬ್ರವರಿ 24ರಿಂದ ಮಾರ್ಚ್ 4ರ ಒಳಗಿನ ಹಣ ಅಂತ ಹೇಳುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಪೂರ್ತಿ ನಂಬರು ಇದೆ. ಆ ಹತ್ತು ದಿನದಲ್ಲಿ 1,001 ಕೊಟ್ಟವರು ನಾಲ್ಕೇ ಜನ ಇದ್ದರೆ, ನಾಲ್ವರಲ್ಲಿ ಹುಡುಕುವುದು ಕಷ್ಟವಲ್ಲ. ಅವನು ಇದನ್ನು ಹೇಳಿದಾಗ ಖಜಾಂಚಿಯವರು ಎದ್ದು ನಿಂತು ಚಹಾ ತರಿಸಿದರು.

ಆಮೇಲೆ ಹೆಸರುಗಳ ಜಗಳ. ಪೂಜಾರಿ ಅನ್ನುವ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಯೂ ಹಾಕಿ ಬರೆಯುವವರಿದ್ದಾರೆ, ಎರಡು ಓ ಹಾಕುವವರಿದ್ದಾರೆ, ಕೊನೆಗೆ ಐ ಹಾಕುವವರು, ವೈ ಹಾಕುವವರು ಬೇರೆ. ಶೆಟ್ಟಿಯದೂ ಅದೇ ಕಥೆ. ಪ್ಯಾನ್ ಕಾರ್ಡಿನಲ್ಲಿ ತಂದೆ ಹೆಸರು ಮೊದಲು, ಯುಪಿಐನಲ್ಲಿ ಹೆಂಡತಿ ಹೆಸರು, ರಸೀದಿ ಮಾತ್ರ ಸೊಸೆ ಹೆಸರಿಗೆ. ಓಪನ್‌ರಿಫೈನ್ ಅನ್ನುವ ಉಚಿತ ತಂತ್ರಾಂಶ ಇದಕ್ಕೆ ಬಹಳ ಉಪಯೋಗಕ್ಕೆ ಬಂತು. ಒಂದೇ ಥರ ಕಾಣುವ ಹೆಸರುಗಳನ್ನು ಗುಂಪು ಮಾಡಿ ತೋರಿಸುತ್ತದೆ, ಸೇರಿಸಬೇಕಾ ಬೇಡವಾ ಅನ್ನುವುದನ್ನು ನಮಗೇ ಬಿಡುತ್ತದೆ. ನಮಗೇ ಬಿಡುವುದು ಒಳ್ಳೆಯದೇ. ಕುರ್ಲಾದಲ್ಲಿ ಒಂದೇ ಹೆಸರಿನ ಮೂವರು ನಮ್ಮ ದಾನಿಗಳು, ಅದರಲ್ಲಿ ಇಬ್ಬರು ಒಂದೇ ಬಿಲ್ಡಿಂಗು.

ಇನ್ನೊಂದು ಕಂತೆ ಇನ್ನೂ ಹಳೆಯದು. 2021ಕ್ಕೆ ಮುಂಚಿನ ದಾನಿಗಳ ಪಟ್ಟಿಯನ್ನು ಯಾರೋ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಕನ್ನಡವೇ ಅಲ್ಲ, ಮೇಲೆ ಕೆಳಗೆ ಚುಕ್ಕಿ ಕೊಂಬು ಇರುವ ಯಾವುದೋ ಯುರೋಪಿನ ಭಾಷೆಯ ಹಾಗೆ ಕಾಣುತ್ತದೆ. ಅದನ್ನೇ ಹಾಗೇ ಸಾಫ್ಟ್‌ವೇರಿಗೆ ಏರಿಸಿದ್ದೆವು. ಮೂರು ವರ್ಷ ಯಾರೂ ನೋಡಿರಲಿಲ್ಲ. ಇದಕ್ಕೆ ಕಂಪನಿಯನ್ನು ಬೈಯಲು ಆಗುವುದಿಲ್ಲ. ನಮ್ಮದೇ ಡೇಟಾವನ್ನು ನಾವೇ ಒಂದು ಫಾಂಟಿನೊಳಗೆ ಕೂಡಿಹಾಕಿದ್ದೆವು. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡೆವು, ಒತ್ತಕ್ಷರ ತಪ್ಪಿದಲ್ಲಿ ಕೈಯಿಂದ ತಿದ್ದಿದೆವು.

ಇಷ್ಟೆಲ್ಲ ಅವಸರ ಏಕೆ ಅಂದರೆ ಫಾರಂ 10ಬಿಡಿ. 80ಜಿ, ಅಂದರೆ ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ, ಇದ್ದ ಟ್ರಸ್ಟುಗಳು 2021-22ರ ವರ್ಷದಿಂದ ಪ್ರತಿ ದಾನಿಯ ಹೆಸರು, ವಿಳಾಸ, ಪ್ಯಾನ್ ಅಥವಾ ಬೇರೆ ಗುರುತಿನ ನಂಬರು, ಕೊಟ್ಟ ಮೊತ್ತ, ಕೊಟ್ಟ ರೀತಿ ಎಲ್ಲವನ್ನೂ ಮೇ 31ರೊಳಗೆ ಪೋರ್ಟಲಿಗೆ ಏರಿಸಬೇಕಿತ್ತು. ಅದಾದ ಮೇಲೆ ದಾನಿಗೆ ಸಿಗುತ್ತಿದ್ದ ಸರ್ಟಿಫಿಕೇಟು ಫಾರಂ 10ಬಿಇ. ಅದಿಲ್ಲದೆ ಅವರು ತೆರಿಗೆ ವಿನಾಯಿತಿ ಕೇಳಿದರೆ ಸಿಕ್ಕಿಬೀಳುತ್ತಿದ್ದರು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ಅದರ ಮೇಲೆ 10,000ದಿಂದ 1 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಬೇರೆ. 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ದಾನಕ್ಕೆ ವಿನಾಯಿತಿ ಇಲ್ಲ, ಹಾಗಾಗಿ ನಗದು ಯಾವುದು, ಯುಪಿಐ ಯಾವುದು ಅಂತ ಬೇರೆ ಮಾಡಿರಲೇಬೇಕು. ಅಂದರೆ ಇಲಾಖೆ ಕೇಳುವುದು ಸರಿಯಾಗಿ ಆ ದಾರವನ್ನೇ: ಈ ಮನುಷ್ಯ, ಈ ಹಣ, ಈ ರೀತಿ. ಆಗಲೇ ನಾವು ನಗುತ್ತಿದ್ದ ಆ ರಿಜಿಸ್ಟರ್ ಹೊರಗೆ ಬಂತು. ಅದರಲ್ಲಿ ಹುಡುಗಿ ಪ್ರತಿ ಸಾಲಿನಲ್ಲಿ ರಸೀದಿ ನಂಬರು, ಹೆಸರು, ಯುಟಿಆರ್‌ನ ಕೊನೆಯ ನಾಲ್ಕು ಅಂಕಿ ಬರೆದಿದ್ದಳು. ಏಕೆ ಬರೆದೆ ಅಂದರೆ "ಸರ್ ಕೇಳ್ತಿದ್ರಲ್ಲ" ಅಂದಳು. ಮೊದಲ ಅಂಕಿಗಳು ಕಂಪನಿಯ ಫೈಲಿನಿಂದ, ಕೊನೆಯ ನಾಲ್ಕು ರಿಜಿಸ್ಟರಿನಿಂದ, ಪೂರ್ತಿ ನಂಬರು ಬ್ಯಾಂಕ್ ಸ್ಟೇಟ್‌ಮೆಂಟಿನಿಂದ, ನಡುವೆ ಹೆಸರು. ಮೇ 27ಕ್ಕೆ ಫೈಲ್ ಹೋಯಿತು.

ಈಗ ಅರವತ್ತು ಜನ. ಅವರ ತಿಂಗಳ ಕಂತು ನಡೆಯುತ್ತಿದ್ದದ್ದು ಆ ಕಂಪನಿಯ ಹೆಸರಿನಲ್ಲಿದ್ದ ಗೇಟ್‌ವೇ ಖಾತೆಯಲ್ಲಿ. ನಮಗೆ ಬರುತ್ತಿದ್ದದ್ದು ಒಟ್ಟು ಮೊತ್ತ ಮಾತ್ರ. ಯುಪಿಐ ಆಟೋಪೇ ಆಗಲಿ, ಕಾರ್ಡಿನ ಮ್ಯಾಂಡೇಟ್ ಆಗಲಿ, ದಾನಿ ಅನುಮತಿ ಕೊಡುವುದು ಒಬ್ಬ ವ್ಯಾಪಾರಿ ಖಾತೆಗೆ. ಅದನ್ನು ಎತ್ತಿ ಇನ್ನೊಂದು ಖಾತೆಗೆ ಇಡಲು ನಮ್ಮಂಥವರ ಕೈಯಲ್ಲಿ ಆಗುವುದಿಲ್ಲ. ಸಾಫ್ಟ್‌ವೇರ್ ಬಿಟ್ಟ ದಿನವೇ ಅರವತ್ತೂ ಮ್ಯಾಂಡೇಟ್ ಸತ್ತವು. ಒಬ್ಬೊಬ್ಬರಿಗೂ ಫೋನ್ ಮಾಡಿ, ಮತ್ತೆ ಮೊದಲಿನಿಂದ ಪಿನ್ ಹಾಕಿಸಿದೆವು. ನಲವತ್ತೊಂದು ಜನ ವಾಪಸ್ ಬಂದರು. ಉಳಿದವರಲ್ಲಿ ಕೆಲವರು ಫೋನೇ ಎತ್ತಲಿಲ್ಲ, ಮೋಸದ ಕರೆ ಅಂದುಕೊಂಡಿರಬೇಕು, ಈ ಕಾಲದಲ್ಲಿ ಯಾರನ್ನು ದೂರಲಿ. ಒಬ್ಬರು ಮಾತ್ರ ಸ್ಪಷ್ಟವಾಗಿ, "ನಿಂತಿದ್ದು ಒಳ್ಳೇದೇ ಆಯ್ತು, ನಿಲ್ಲಿಸಿ ಅಂತ ಕೇಳೋಕೆ ಸಂಕೋಚ ಆಗ್ತಿತ್ತು" ಅಂದರು. ನನ್ನನ್ನು ಕೇಳಿದರೆ ಇಡೀ ಪ್ರಕರಣದಲ್ಲಿ ನಿಜವಾದ ನಷ್ಟ ಇದು. ಫೈಲುಗಳ ಗೋಳು ಏಳು ವಾರದಲ್ಲಿ ಮುಗಿಯಿತು. ಹತ್ತೊಂಬತ್ತು ಜನ ಹೋದದ್ದು ಹೋದರು. ಆದ್ದರಿಂದ ಈಗ ಯಾರಾದರೂ ಬೇರೆ ಟ್ರಸ್ಟಿನವರು ಸಾಫ್ಟ್‌ವೇರ್ ಬಗ್ಗೆ ಕೇಳಿದರೆ ನಾನು ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂನ ಒಳಗಿನ ಬರಹ, ಎಲ್ಲರಿಗೂ ಓಪನ್ನಾ ಅಂತ ಮೊದಲು ಕೇಳುವುದಿಲ್ಲ. ಗೇಟ್‌ವೇ ಖಾತೆ ಯಾರ ಹೆಸರಲ್ಲಿದೆ ಅಂತ ಕೇಳುತ್ತೇನೆ. ಆಮೇಲೆ, ಒಂದೇ ಒಂದು ದಾನದ ಎಕ್ಸ್‌ಪೋರ್ಟ್ ತೋರಿಸಿ, ಅದರಲ್ಲಿ ದಾನಿ, ಹಣ, ರಸೀದಿ ಮೂರರ ನಂಬರೂ ಒಂದೇ ಸಾಲಿನಲ್ಲಿದೆಯಾ ಅಂತ.

ಹೊಸದು ಹುಡುಕುವಾಗ ಮೂರು ದಾರಿ ನೋಡಿದೆವು. ಸೇಲ್ಸ್‌ಫೋರ್ಸ್ ಅನ್ನುವ ಅಮೆರಿಕದ ಕಂಪನಿ ಅರ್ಹ ಸಂಸ್ಥೆಗಳಿಗೆ ತನ್ನ ಸಾಫ್ಟ್‌ವೇರಿನ 10 ಲೈಸೆನ್ಸ್ ಉಚಿತವಾಗಿ ಕೊಡುತ್ತಿತ್ತು. ಎಪಿಐ ವಿಷಯದಲ್ಲಿ ಅದಕ್ಕೆ ಹೆಸರಿಡುವಂತಿಲ್ಲ, ಆದರೆ ಒಂದು ಕಾಲಂ ಸೇರಿಸಬೇಕಾದರೂ ತಿಳಿದವರೊಬ್ಬರು ಬೇಕು, ನಮಗೆ ಅವರ ಸಂಬಳ ಕೊಡಲು ಆಗುವುದಿಲ್ಲ. ಇಆರ್‌ಪಿನೆಕ್ಸ್ಟ್ ಮುಂಬಯಿಯಲ್ಲೇ ಹುಟ್ಟಿದ್ದು, ಓಪನ್ ಸೋರ್ಸ್, ಟ್ರಸ್ಟುಗಳಿಗೆ ಬೇಕಾದ ಭಾಗವೂ ಇದೆ. ನಮ್ಮೂರಿನದು ಅನ್ನುವ ಪ್ರೀತಿ ಇತ್ತು. ಆದರೆ ಅದು ಲೆಕ್ಕಪತ್ರವನ್ನೂ ತಾನೇ ನೋಡಿಕೊಳ್ಳುವ ಸರಕು, ನಮ್ಮ ಸಿಎ ಟ್ಯಾಲಿ ಬಿಡುವುದಿಲ್ಲ, ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ ನಮೂನೆಗಳನ್ನೆಲ್ಲ ಅವರು ಅದರಿಂದಲೇ ತೆಗೆಯುವುದು. ಕೊನೆಗೆ ಸಿವಿಸಿಆರ್‌ಎಂ ಹಿಡಿದೆವು. 2005ರಿಂದ ಇದೆ, ಇಂಥ ಸಂಸ್ಥೆಗಳಿಗೇ ಮಾಡಿದ್ದು, ವರ್ಡ್‌ಪ್ರೆಸ್ ಮೇಲೆ ಕೂರುತ್ತದೆ, ನಮ್ಮ ವೆಬ್‌ಸೈಟ್ ವರ್ಡ್‌ಪ್ರೆಸ್ಸೇ. ಹಳೆಯ ದಾನಿ ನಂಬರು ಇಡಲು ಅದರಲ್ಲೊಂದು ಪ್ರತ್ಯೇಕ ಜಾಗ ಇದೆ. ಡೇಟಾಬೇಸ್ ನಮ್ಮದೇ ಸರ್ವರಿನಲ್ಲಿ. ನೋಡಲು ಚಂದ ಅಂತ ಯಾರೂ ಹೇಳುವುದಿಲ್ಲ. ಮೊದಲ ವಾರ ಹುಡುಗಿ ಬಟನ್ ಹುಡುಕಿ ಹುಡುಕಿ ಅಳುವುದೊಂದು ಬಾಕಿ.

ಜೋಡಣೆ ನಾವೇ ಮಾಡಿದೆವು, ಅಂದರೆ ಐರೋಲಿಯ ಹುಡುಗ ಮಾಡಿದ. ವಿಧಾನ ಸರಳ. ನಮ್ಮದೇ ಹೆಸರಿನ ಗೇಟ್‌ವೇ ಖಾತೆ ತೆಗೆದೆವು. ಹಣ ಬಂದ ಕೂಡಲೇ ಗೇಟ್‌ವೇ ನಮ್ಮ ಸರ್ವರಿಗೆ ಒಂದು ಸಂದೇಶ ಕಳಿಸುತ್ತದೆ, ಅದಕ್ಕೆ ವೆಬ್‌ಹುಕ್ ಅನ್ನುತ್ತಾರೆ. ಆ ಸಂದೇಶದಿಂದ ದಾನದ ನಮೂದು ಆಗುತ್ತದೆ, ರಸೀದಿ ಹೋಗುತ್ತದೆ. ಕೇಳಲು ಚಂದ. ಎರಡನೇ ದಿನವೇ ಮುಲುಂಡಿನ ನಿವೃತ್ತ ಮ್ಯಾನೇಜರೊಬ್ಬರ ಫೋನು: "ನಾನು ಅಷ್ಟು ಧಾರಾಳಿ ಅಲ್ಲ ಮಾರಾಯ್ರೆ." 501 ಕೊಟ್ಟವರಿಗೆ 50,100ರ ರಸೀದಿ ಹೋಗಿತ್ತು. ಗೇಟ್‌ವೇ ಮೊತ್ತವನ್ನು ಪೈಸೆಯಲ್ಲಿ ಕಳಿಸುತ್ತದೆ, ನಾವು ನೂರರಿಂದ ಭಾಗಿಸಲು ಮರೆತಿದ್ದೆವು. ಅದರ ಮುಂದಿನ ವಾರ ಒಬ್ಬರಿಗೆ ಒಂದೇ ದಾನಕ್ಕೆ ಎರಡು ರಸೀದಿ. ನಮ್ಮ ಸರ್ವರ್ ನಿಧಾನ, ಸಿಕ್ಕಿತು ಅಂತ ಉತ್ತರ ಕೊಡುವುದರೊಳಗೆ ಗೇಟ್‌ವೇ ಅದೇ ಸಂದೇಶವನ್ನು ಮತ್ತೆ ಕಳಿಸಿತ್ತು. ಅದು ತಪ್ಪಲ್ಲ, ಉತ್ತರ ಬರದಿದ್ದರೆ ಮತ್ತೆ ಕಳಿಸುವುದೇ ಅದರ ಪದ್ಧತಿ. ಪೇಮೆಂಟ್ ಐಡಿಯನ್ನು ವಹಿವಾಟು ನಂಬರಿನ ಜಾಗದಲ್ಲಿ ಇಟ್ಟೆವು. ಅಲ್ಲಿ ಒಂದೇ ನಂಬರು ಎರಡು ಸಲ ಬಂದರೆ ಸಿವಿಸಿಆರ್‌ಎಂ ಒಪ್ಪುವುದಿಲ್ಲ. ಸಂದೇಶ ನಿಜವಾಗಿ ಗೇಟ್‌ವೇಯಿಂದಲೇ ಬಂತಾ ಅಂತ ಸಹಿ ಪರೀಕ್ಷೆ ಮಾಡುವುದನ್ನೂ ಹುಡುಗ ಆಗಲೇ ಸೇರಿಸಿದ. ಇಲ್ಲದಿದ್ದರೆ ಆ ಸಂದೇಶ ಬರುವ ವೆಬ್ ವಿಳಾಸ ಗೊತ್ತಿರುವ ಯಾರು ಬೇಕಾದರೂ ಸುಮ್ನೆ ಒಂದು ಲಕ್ಷದ ರಸೀದಿ ಮಾಡಿಸಿಕೊಳ್ಳಬಹುದಿತ್ತು.

ಆಗಸ್ಟಿನಲ್ಲಿ ಸರ್ವರಿನ ಎಸ್‌ಎಸ್‌ಎಲ್ ಸರ್ಟಿಫಿಕೇಟ್, ಅಂದರೆ ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಗುರುತುಪತ್ರ, ಅದರ ಅವಧಿ ಮುಗಿಯಿತು, ಗೇಟ್‌ವೇಯ ಸಂದೇಶ ನಮಗೆ ತಲುಪದಾಯಿತು. ಮೂರು ದಿನ ಒಂದು ರಸೀದಿಯೂ ಹೋಗಲಿಲ್ಲ, ನಮಗೆ ಗೊತ್ತೂ ಆಗಲಿಲ್ಲ. ಮಳೆಗೆ ಯಾರೂ ಕೊಟ್ಟಿಲ್ಲ ಅಂದುಕೊಂಡಿದ್ದೆವು. ಹಳೆಯ ಕಂಪನಿ ಇದ್ದಾಗ ಇಂಥ ಕೆಲಸ ಅವರ ತಲೆನೋವಾಗಿತ್ತು. ಈಗ ನಮ್ಮದು. ಓಪನ್ ಸೋರ್ಸ್ ಫ್ರೀ ಅನ್ನುವವರಿಗೆ ಈ ಮೂರು ದಿನದ ಕಥೆ ಹೇಳಬೇಕು. ಅಂದಿನಿಂದ ದಿನಾ ಬೆಳಗ್ಗೆ ಏಳಕ್ಕೆ ಇನ್ನೊಂದು ಸಣ್ಣ ಪ್ರೋಗ್ರಾಂ ಗೇಟ್‌ವೇಯ ಹಿಂದಿನ ದಿನದ ಪಟ್ಟಿಯನ್ನು ತಾನೇ ಕೇಳಿ ತರಿಸಿ ನಮ್ಮ ಪಟ್ಟಿಗೆ ಹೋಲಿಸುತ್ತದೆ, ವ್ಯತ್ಯಾಸ ಇದ್ದರೆ ಈಮೇಲ್ ಮಾಡುತ್ತದೆ. ಟ್ಯಾಲಿಗೆ ವಾರಕ್ಕೊಮ್ಮೆ ಎಕ್ಸ್‌ಎಂಎಲ್ ಫೈಲ್ ಹೋಗುತ್ತದೆ. ದಿನಾ ಮಾಡಬಹುದಿತ್ತು, ಸಿಎ ಬೇಡ ಅಂದರು, ಮಧ್ಯೆ ಒಬ್ಬ ಮನುಷ್ಯ ನೋಡಲಿ ಅಂತ. ಅವರ ಮಾತು ಸರಿ ಅನ್ನಿಸಿತು.

ಜೋಡಣೆ ಮುಟ್ಟದ ಜಾಗಗಳೂ ಇವೆ. ನವೆಂಬರಿನ ರಾಜ್ಯೋತ್ಸವದ ದಿನ ಸಭಾಂಗಣದ ಬಾಗಿಲಲ್ಲಿ ಬ್ಯಾಂಕಿನ ಕ್ಯೂಆರ್ ಇಡುತ್ತೇವೆ. ಆ ಹಣ ನೇರ ಬ್ಯಾಂಕಿಗೆ, ಗೇಟ್‌ವೇ ಅದನ್ನು ನೋಡುವುದೇ ಇಲ್ಲ. ಹೆಸರು ವಿಳಾಸ ಇಲ್ಲದ ದಾನ ಒಂದು ಮಿತಿ ದಾಟಿದರೆ ಮೇಲಿನದಕ್ಕೆ ಶೇಕಡ 30 ತೆರಿಗೆ. ಹಾಗಾಗಿ ಕ್ಯೂಆರ್ ಪಕ್ಕ ಒಬ್ಬ ವಾಲಂಟಿಯರ್ ನಿಲ್ಲುತ್ತಾನೆ, ಹೆಸರು, ವಿಳಾಸ, ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳುತ್ತಾನೆ. ಅದಕ್ಕಿಂತ ಒಳ್ಳೆಯ ಇಂಟಿಗ್ರೇಷನ್ ನಮಗೆ ಸಿಕ್ಕಿಲ್ಲ. ಇನ್ನೊಂದು, ಪಾಸ್‌ಪೋರ್ಟಿನ ಪ್ರಶ್ನೆ. ದುಬೈಯಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರು ಕೊಟ್ಟರೆ ತೊಂದರೆ ಇಲ್ಲ. ಅಮೆರಿಕದ ಪೌರತ್ವ ಪಡೆದವರು, ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಇದ್ದರೂ, ವಿದೇಶಿ ಮೂಲವೇ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಖಾತೆ ಬೇಕು. ನಮಗೆ ಎರಡೂ ಇಲ್ಲ. ನ್ಯೂಜೆರ್ಸಿಯ ಒಬ್ಬರು ಮೊದಲೇ ಕೇಳಿದ್ದು ನಮ್ಮ ಪುಣ್ಯ. ಈಗ ದಾನದ ಫಾರಂನಲ್ಲಿ ಪೌರತ್ವದ ಪ್ರಶ್ನೆ ಇದೆ, ಬೇರೆ ದೇಶ ಅಂದರೆ ಪುಟ ಮುಂದೆ ಹೋಗುವುದಿಲ್ಲ. ಹಳೆಯ ಸಾಫ್ಟ್‌ವೇರಿನಲ್ಲಿ ಫಾರಂ ಬದಲಿಸುವ ಅವಕಾಶವೇ ಇರಲಿಲ್ಲ.

ಈಗಿನ ಚಿಂತೆ ಬೇರೆ. ಎಲ್ಲವೂ ಒಬ್ಬ ಹುಡುಗನ ತಲೆಯಲ್ಲಿದೆ, ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುವ ಮಾತು ನಡೆಯುತ್ತಿದೆ. ಕನ್ನಡದಲ್ಲೇ ಹನ್ನೆರಡು ಪುಟದ ಕೈಪಿಡಿ ಬರೆಸಿದ್ದೇವೆ. ತಿಂಗಳ ಮೊದಲ ಭಾನುವಾರ ಪೂರ್ತಿ ಡೇಟಾ ಇಳಿಸಿ, ಖಜಾಂಚಿಯವರ ಮಗಳ ಲ್ಯಾಪ್‌ಟಾಪಿನಲ್ಲಿ ತೆರೆದು, ಯಾವುದಾದರೂ ಒಂದು ರಸೀದಿ ಹಿಡಿದು ಹಣದವರೆಗೆ, ದಾನಿಯವರೆಗೆ ಹೋಗಿ ನೋಡುತ್ತೇವೆ. ಎರಡು ಸಲ ಆಗಲಿಲ್ಲ, ಒಮ್ಮೆ ಬ್ಯಾಕಪ್ ಫೈಲೇ ಖಾಲಿ.

ಹಳೆಯ ಮೂರು ಫೈಲಿನಿಂದ ಇನ್ನೂ 37 ನಮೂದುಗಳಿಗೆ ಯಜಮಾನರು ಸಿಕ್ಕಿಲ್ಲ. ಪಟ್ಟಿಯನ್ನು ಪ್ರಿಂಟ್ ತೆಗೆದು ಕಪಾಟಿನ ಬಾಗಿಲಿಗೆ ಅಂಟಿಸಿದ್ದೇವೆ. ಚಹಾ ಕುಡಿಯಲು ಬಂದವರಿಗೆಲ್ಲ ಖಜಾಂಚಿಯವರು ಅದನ್ನು ತೋರಿಸಿ, 2022ರ ಜೂನ್‌ನಲ್ಲಿ ನೀವೇನಾದರೂ 2,500 ಕೊಟ್ಟಿದ್ದಿರಾ ಅಂತ ಕೇಳುತ್ತಾರೆ. ರಿಜಿಸ್ಟರ್ ಬರೆಯುವುದನ್ನೂ ಹುಡುಗಿ ನಿಲ್ಲಿಸಿಲ್ಲ. ಹೊಸ ಪುಸ್ತಕ ತಂದಿದ್ದಾಳೆ, ಈ ಸಲ ಯುಟಿಆರ್ ಪೂರ್ತಿ 12 ಅಂಕಿಗೂ ಮನೆ ಗೀಚಿಕೊಂಡು.